‘ಇವನಲ್ಲ’ ಎನ್ನುವ ಸಾಕ್ಷಿಗೂ ಕಿವಿಗೊಡೋಣ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆದು ಅಂಕ ಗಿಟ್ಟಿಸಿದವರು ನಾವೆಲ್ಲ. ಆದರೆ ಯಾವುದಾದರೂ ಘೋರ ಅಪರಾಧದ ಸುದ್ದಿ ಬಂದು, ಅದರ ಬೆನ್ನಿಗೇ ‘ಆರೋಪಿ ಬಂಧನ’ ಎಂಬ ಸಾಲು ಟಿ.ವಿ. ಪರದೆಯ ಮೇಲೆ ಓಡಿತೋ, ಗಾದೆ ಮರೆತೇಹೋಗುತ್ತದೆ. ವಿಚಾರಣೆ ಶುರುವಾಗುವ ಮೊದಲೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತೀರ್ಪು ಬಂದಿರುತ್ತದೆ. ‘ಇಂಥವರಿಗೆ ಕೋರ್ಟು, ಕಚೇರಿ ಯಾಕೆ?’ ಎಂದು ಕೇಳುವವರಲ್ಲಿ ನಮ್ಮ ವಯಸ್ಸಿನವರೇ ಹೆಚ್ಚು. ಸಿಟ್ಟು ಸಹಜ. ಆದರೆ ಹಿಡಿದು ತಂದವನು ಬೇರೆ, ಮಾಡಿದವನು ಬೇರೆ ಆಗಿದ್ದರೆ?

ಇದು ಊಹೆಯ ಪ್ರಶ್ನೆಯಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 1984ರಲ್ಲಿ 9 ವರ್ಷದ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆದು, ಕೊಲೆಯಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕರ್ಕ್ ಬ್ಲಡ್ಸ್‌ವರ್ತ್ ಎಂಬ 23 ವರ್ಷದ ಯುವಕನನ್ನು ಪೊಲೀಸರು ಬಂಧಿಸಿದರು. ಸೇನೆಯ ಮರೀನ್ ದಳದಲ್ಲಿ ಕೆಲಸ ಮಾಡಿ ಬಂದಿದ್ದ ಅವರ ಮೇಲೆ ಹಿಂದೆ ಒಂದೂ ಅಪರಾಧ ಪ್ರಕರಣ ಇರಲಿಲ್ಲ. ಆದರೆ ನ್ಯಾಯಾಲಯದಲ್ಲಿ ಐವರು ನಿಂತು, ಬಾಲಕಿಯ ಜೊತೆಗಿದ್ದದ್ದು, ಆ ಜಾಗದ ಸುತ್ತಮುತ್ತ ಕಂಡದ್ದು ಇವರನ್ನೇ ಎಂದರು. ಒಬ್ಬರಲ್ಲ, ಇಬ್ಬರಲ್ಲ, ಐವರು. 1985ರಲ್ಲಿ ಮರಣದಂಡನೆಯಾಯಿತು. ಕೆಲವು ಮಾಹಿತಿಯನ್ನು ಪ್ರಾಸಿಕ್ಯೂಷನ್ ಮುಚ್ಚಿಟ್ಟಿತ್ತೆಂದು ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತಾದರೂ ಎರಡನೇ ವಿಚಾರಣೆಯಲ್ಲಿಯೂ ಅವರನ್ನು ತಪ್ಪಿತಸ್ಥರೆಂದೇ ಸಾರಲಾಯಿತು. ಈ ಸಲ ಎರಡು ಜೀವಾವಧಿ ಶಿಕ್ಷೆ.

ಜೈಲಿನ ಗ್ರಂಥಾಲಯದಲ್ಲಿ ಬ್ಲಡ್ಸ್‌ವರ್ತ್ ಕೈಗೆ ಒಂದು ಪುಸ್ತಕ ಸಿಕ್ಕಿತು. ಜೋಸೆಫ್ ವಾಂಬಾ ಬರೆದ ‘ದ ಬ್ಲಡಿಂಗ್’. ಇಂಗ್ಲೆಂಡಿನ ಲೆಸ್ಟರ್ ಬಳಿ 1983 ಮತ್ತು 1986ರಲ್ಲಿ ನಡೆದ ಇಬ್ಬರು ಹುಡುಗಿಯರ ಕೊಲೆಯ ಕಥೆ ಅದು. ಅಲ್ಲಿ 17 ವರ್ಷದ ಹುಡುಗನೊಬ್ಬ ಎರಡನೇ ಕೊಲೆಯನ್ನು ತಾನೇ ಮಾಡಿದ್ದಾಗಿ ಪೊಲೀಸರ ಮುಂದೆ ಒಪ್ಪಿಕೊಂಡಿದ್ದ. ಮೊದಲನೆಯದನ್ನೂ ಅವನೇ ಮಾಡಿರಬೇಕು ಎಂಬ ಗುಮಾನಿಯಿಂದ ಪೊಲೀಸರು ಲೆಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿ ಅಲೆಕ್ ಜೆಫ್ರೀಸ್ ಅವರ ಬಳಿ ಹೋದರು. ಬ್ಲಡ್ಸ್‌ವರ್ತ್ ಬಂಧನವಾದ ಮರುತಿಂಗಳೇ, ಅಂದರೆ 1984ರ ಸೆಪ್ಟೆಂಬರ್‌ನಲ್ಲಿ, ಡಿಎನ್‌ಎ ಬೆರಳಚ್ಚು ವಿಧಾನವನ್ನು ಕಂಡುಹಿಡಿದವರು ಈ ಜೆಫ್ರೀಸ್. ಪರೀಕ್ಷೆ ಪೊಲೀಸರು ನಿರೀಕ್ಷಿಸದ ಉತ್ತರ ಕೊಟ್ಟಿತು: ಎರಡೂ ಕೃತ್ಯ ಒಬ್ಬನದೇ, ಆದರೆ ಆ ಒಬ್ಬ ಈ ಹುಡುಗನಲ್ಲ. ಮುಂದೆ ಸುತ್ತಲಿನ ಹಳ್ಳಿಗಳ ಸುಮಾರು 5,000 ಗಂಡಸರ ಮಾದರಿ ಸಂಗ್ರಹಿಸಿದರು. ನಿಜವಾದ ಕೊಲೆಗಾರ ಸಿಕ್ಕಿಬಿದ್ದ.

ಇಲ್ಲೊಂದು ವಿಷಯವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕೊಲೆ ತನಿಖೆಯಲ್ಲಿ ಈ ವಿಧಾನ ಮೊದಲು ಮಾಡಿದ ಕೆಲಸ ಅಪರಾಧಿಯನ್ನು ಹಿಡಿದದ್ದಲ್ಲ, ನಿರಪರಾಧಿಯನ್ನು ಬಿಡಿಸಿದ್ದು.

ಪುಸ್ತಕ ಓದಿ ಮುಗಿಸಿದ ಬ್ಲಡ್ಸ್‌ವರ್ತ್ ತಮಗೂ ಈ ಪರೀಕ್ಷೆ ಬೇಕೆಂದರು. ಸಾಕ್ಷ್ಯವಸ್ತುಗಳೇ ಉಳಿದಿಲ್ಲ ಎಂಬ ಉತ್ತರ ಬಂತು. ಹುಡುಕಿದಾಗ ಬಾಲಕಿಯ ಬಟ್ಟೆ ನ್ಯಾಯಾಧೀಶರ ಕೊಠಡಿಯಲ್ಲಿ ಒಂದು ಕಾಗದದ ಚೀಲದಲ್ಲಿ ಸಿಕ್ಕಿತು. ಅದರ ಮೇಲಿದ್ದ ಒಂದು ಸಣ್ಣ ಕಲೆ ಐದು ಜೊತೆ ಕಣ್ಣುಗಳು ಹೇಳಿದ್ದನ್ನು ಸುಳ್ಳು ಮಾಡಿತು. ಹೆಚ್ಚುಕಡಿಮೆ 9 ವರ್ಷ ಜೈಲಿನಲ್ಲಿ ಕಳೆದು, 1993ರ ಜೂನ್‌ನಲ್ಲಿ ಅವರು ಹೊರಬಂದರು. ಮರಣದಂಡನೆಗೆ ಗುರಿಯಾಗಿ, ಡಿಎನ್‌ಎ ಪರೀಕ್ಷೆಯಿಂದ ನಿರ್ದೋಷಿ ಎನಿಸಿಕೊಂಡ ಅಮೆರಿಕದ ಮೊದಲ ವ್ಯಕ್ತಿ ಅವರು. ಅದಾಗಿ ಹತ್ತು ವರ್ಷಕ್ಕೆ, 2003ರಲ್ಲಿ, ಅದೇ ಡಿಎನ್‌ಎ ಬೇರೊಬ್ಬನದಕ್ಕೆ ಹೊಂದಿಕೆಯಾಯಿತು. ಆತ ಇನ್ನೊಂದು ಅಪರಾಧಕ್ಕಾಗಿ, ಬ್ಲಡ್ಸ್‌ವರ್ತ್ ಇದ್ದ ಜೈಲಿನಲ್ಲೇ, ಅವರ ಕೋಣೆಯ ಕೆಳಗಿನ ಅಂತಸ್ತಿನಲ್ಲಿ ಶಿಕ್ಷೆ ಅನುಭವಿಸುತ್ತಿದ್ದವನು!

‘ಹೌದು’ಗಿಂತ ‘ಅಲ್ಲ’ ಗಟ್ಟಿ

ಬಯೊಟೆಕ್ನಾಲಜಿ ಓದುತ್ತಿರುವ ನಾನು ಇದರ ಹಿಂದಿನ ವಿಜ್ಞಾನವನ್ನು ಸರಳವಾಗಿ ಹೇಳಲು ಪ್ರಯತ್ನಿಸುತ್ತೇನೆ. ಮನುಷ್ಯರ ಡಿಎನ್‌ಎ ಶೇ 99ಕ್ಕೂ ಹೆಚ್ಚು ಒಂದೇ ರೀತಿ ಇರುತ್ತದೆ. ಉಳಿದ ಚೂರಿನಲ್ಲಿ ಕೆಲವು ಜಾಗಗಳಿವೆ. ಅಲ್ಲಿ ಒಂದೇ ಬಗೆಯ ತುಣುಕು, ರೈಲಿಗೆ ಬೋಗಿ ಜೋಡಿಸಿದಂತೆ, ಒಂದರ ಹಿಂದೆ ಒಂದು ಬರುತ್ತದೆ. ಬೋಗಿಗಳ ಸಂಖ್ಯೆ ಒಬ್ಬರಿಂದ ಒಬ್ಬರಿಗೆ ಬೇರೆ. ನನಗೆ ಒಂದು ಜಾಗದಲ್ಲಿ ಅಮ್ಮನಿಂದ 12, ಅಪ್ಪನಿಂದ 15 ಬಂದಿದ್ದರೆ, ನಿಮಗೆ 9 ಮತ್ತು 14 ಬಂದಿರಬಹುದು. ಇಂತಹ ಇಪ್ಪತ್ತರಷ್ಟು ಜಾಗಗಳನ್ನು ಎಣಿಸಿದರೆ ಎಲ್ಲವೂ ಒಂದೇ ಆಗಿರುವ ಇನ್ನೊಬ್ಬ ವ್ಯಕ್ತಿ, ಅವಳಿಗಳನ್ನು ಬಿಟ್ಟರೆ, ಸಿಗುವುದು ಅತಿ ದುರ್ಲಭ. ಪಿಸಿಆರ್ ಎಂಬ ವಿಧಾನದಿಂದ ಎಳ್ಳಷ್ಟು ಡಿಎನ್‌ಎಯನ್ನೂ ಲಕ್ಷಾಂತರ ಪ್ರತಿ ಮಾಡಿಕೊಳ್ಳಬಹುದು. ಹಾಗಾಗಿಯೇ ವರ್ಷಗಟ್ಟಲೆ ಹಳೆಯದಾದ ಕಲೆಯೂ ಮಾತಾಡಬಲ್ಲದು.

ಇಲ್ಲಿ ‘ಹೌದು’ ಮತ್ತು ‘ಅಲ್ಲ’ ಎಂಬ ಎರಡು ಉತ್ತರಗಳ ತೂಕ ಒಂದೇ ಅಲ್ಲ. ಮಾದರಿ ಹೊಂದಿಕೆಯಾಯಿತು ಎಂದರೆ ಇನ್ನೂ ಪ್ರಶ್ನೆಗಳು ಬಾಕಿ ಇರುತ್ತವೆ: ಇಂಥ ಹೊಂದಿಕೆ ಎಷ್ಟು ಜನರಲ್ಲಿ ಒಬ್ಬರಿಗೆ ಸಾಧ್ಯ? ಆ ಡಿಎನ್‌ಎ ಅಲ್ಲಿಗೆ ಬಂದದ್ದು ಹೇಗೆ? ಆದರೆ ಅತ್ಯಾಚಾರಿಯದೇ ಎಂದು ಖಚಿತವಾದ ಕಲೆಯ ಡಿಎನ್‌ಎ ಆರೋಪಿಯದಕ್ಕೆ ಹೊಂದದಿದ್ದರೆ, ಮಾದರಿ ಶುದ್ಧವಾಗಿದ್ದರೆ, ಲೆಕ್ಕಾಚಾರಕ್ಕೆ ಎಡೆಯೇ ಇಲ್ಲ. ಇವನಲ್ಲ, ಅಷ್ಟೇ.

ಈ ‘ಅಲ್ಲ’ದ ಬಲವನ್ನು ನಂಬಿ 1992ರಲ್ಲಿ ಬ್ಯಾರಿ ಶೆಕ್ ಮತ್ತು ಪೀಟರ್ ನ್ಯೂಫೆಲ್ಡ್ ಎಂಬ ವಕೀಲರು ನ್ಯೂಯಾರ್ಕಿನ ಕಾರ್ಡೋಜೊ ಕಾನೂನು ಕಾಲೇಜಿನಲ್ಲಿ ‘ಇನೊಸೆನ್ಸ್ ಪ್ರಾಜೆಕ್ಟ್’ ಆರಂಭಿಸಿದರು. ಕೈದಿಗಳು ಬರೆದ ಪತ್ರ ಓದುವುದು, ಹಳೆಯ ಕಡತ ಜಾಲಾಡುವುದು, ಸಾಕ್ಷ್ಯವಸ್ತು ಎಲ್ಲಿದೆ ಎಂದು ಪತ್ತೆ ಹಚ್ಚುವುದು ಇಂಥ ಕೆಲಸಗಳಲ್ಲಿ ಕಾನೂನು ವಿದ್ಯಾರ್ಥಿಗಳೂ ಕೈಜೋಡಿಸಿದರು. ಆ ಸಂಸ್ಥೆ 2020ರ ಹೊತ್ತಿಗೆ ಕೊಟ್ಟ ಲೆಕ್ಕದಂತೆ ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ 375 ಮಂದಿ ನಿರ್ದೋಷಿಗಳೆಂದು ಸಾಬೀತಾಗಿದ್ದರು. ಅವರಲ್ಲಿ 21 ಮಂದಿ ಮರಣದಂಡನೆಯ ಸಾಲಿನಲ್ಲಿ ನಿಂತವರು. ಸರಾಸರಿ 14 ವರ್ಷ ಒಬ್ಬೊಬ್ಬರೂ ಜೈಲಿನಲ್ಲಿ ಕಳೆದಿದ್ದರು.

ಈ 375 ಪ್ರಕರಣಗಳು ಅಷ್ಟೂ ಜನರ ಬಿಡುಗಡೆಯ ಕಥೆ ಮಾತ್ರವಲ್ಲ. ತಪ್ಪು ಶಿಕ್ಷೆ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಅವು ಕನ್ನಡಿ. ಹತ್ತರಲ್ಲಿ ಸುಮಾರು ಏಳು ಪ್ರಕರಣಗಳಲ್ಲಿ ಪ್ರತ್ಯಕ್ಷ ಸಾಕ್ಷಿಗಳು ಬೇರೆ ವ್ಯಕ್ತಿಯನ್ನು ಗುರುತಿಸಿದ್ದರು. ಅವರೆಲ್ಲ ಸುಳ್ಳುಗಾರರಲ್ಲ. ಬಹುತೇಕರು ತಾವು ಕಂಡದ್ದು ಇವರನ್ನೇ ಎಂದು ಪ್ರಾಮಾಣಿಕವಾಗಿ ನಂಬಿದ್ದರು. ಭಯ, ಕತ್ತಲು, ಪೊಲೀಸರು ಮುಂದಿಟ್ಟ ಫೋಟೊ ಎಲ್ಲ ಸೇರಿ ನೆನಪನ್ನು ತಿದ್ದಿಬಿಡುತ್ತವೆ. ಇನ್ನು ಹತ್ತರಲ್ಲಿ ಸುಮಾರು ಮೂರು ಪ್ರಕರಣಗಳಲ್ಲಿ ನಿರಪರಾಧಿಯೇ ‘ನಾನೇ ಮಾಡಿದೆ’ ಎಂದಿದ್ದ. ಮಾಡದ ಕೊಲೆಯನ್ನು ಯಾರಾದರೂ ಒಪ್ಪಿಕೊಳ್ಳುತ್ತಾರಾ ಎಂದು ನಾವು ಕೇಳುತ್ತೇವೆ. ದಿನಗಟ್ಟಲೆ ವಿಚಾರಣೆಗೆ ಗುರಿಯಾದವರು, ಅದರಲ್ಲೂ ಹದಿಹರೆಯದವರು, ಒಪ್ಪಿಕೊಂಡಿದ್ದಾರೆ.

ಅಮೆರಿಕದ ಸಂಸತ್ತು 2004ರಲ್ಲಿ ಕಾನೂನು ತಂದು, ಶಿಕ್ಷೆಯಾದ ಬಳಿಕವೂ ಡಿಎನ್‌ಎ ಪರೀಕ್ಷೆ ಕೇಳುವ ಹಕ್ಕನ್ನು ಕೊಟ್ಟಿತು. ಅದಕ್ಕೆ ಹಣ ಒದಗಿಸುವ ಯೋಜನೆಗೆ ಬ್ಲಡ್ಸ್‌ವರ್ತ್ ಅವರ ಹೆಸರನ್ನೇ ಇಟ್ಟರು. ಇಂದು ಅಲ್ಲಿನ 50 ರಾಜ್ಯಗಳಲ್ಲಿಯೂ ಇಂಥ ಕಾನೂನು ಇದೆ.

ಡಿಎನ್‌ಎ ಎಂದರೆ ದೇವರಲ್ಲ

ಹಾಗೆಂದು ಪ್ರಯೋಗಾಲಯದಿಂದ ಬಂದದ್ದೆಲ್ಲ ವೇದವಾಕ್ಯವೂ ಅಲ್ಲ. ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ 16ನೇ ವಯಸ್ಸಿಗೆ ಬಂಧನವಾದ ಹುಡುಗನೊಬ್ಬನಿಗೆ ಡಿಎನ್‌ಎ ವರದಿಯ ಬಲದಿಂದಲೇ 25 ವರ್ಷ ಶಿಕ್ಷೆಯಾಗಿತ್ತು. ಪೊಲೀಸ್ ಪ್ರಯೋಗಾಲಯದ ಕೆಲಸವೇ ಸರಿಯಿರಲಿಲ್ಲ ಎಂಬುದು ಆಮೇಲೆ ಬಯಲಾಗಿ, ಮರುಪರೀಕ್ಷೆಯ ನಂತರ 2003ರಲ್ಲಿ ಆತ ಬಿಡುಗಡೆಯಾದ. ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಕೊಲೆಯಾದವರ ಉಗುರಿನಲ್ಲಿ ಒಬ್ಬ ವ್ಯಕ್ತಿಯ ಡಿಎನ್‌ಎ ಸಿಕ್ಕಿತು. ವಿಚಾರಿಸಿದರೆ, ಕೊಲೆ ನಡೆದ ರಾತ್ರಿ ಆತ ಕುಡಿದು ಪ್ರಜ್ಞೆತಪ್ಪಿ ಆಸ್ಪತ್ರೆಯಲ್ಲಿದ್ದ! ಅವನನ್ನು ಆಸ್ಪತ್ರೆಗೆ ಸಾಗಿಸಿದ್ದ ಆಂಬುಲೆನ್ಸ್ ಸಿಬ್ಬಂದಿಯೇ ಕೆಲವು ಗಂಟೆಗಳ ನಂತರ ಕೊಲೆ ನಡೆದ ಮನೆಗೂ ಹೋಗಿದ್ದರು.

ಕಲೆ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದನ್ನು ಎತ್ತಿದ ಕೈ, ಇಟ್ಟ ಜಾಗ, ಓದಿದ ಕಣ್ಣು ಎಲ್ಲವೂ ಮನುಷ್ಯರದ್ದೇ. ಆದ್ದರಿಂದ ಮರುಪರೀಕ್ಷೆಯ ಅವಕಾಶ ಬೇಕಿರುವುದು ಹಳೆಯ ಕಾಲದ ತಪ್ಪು ತಿದ್ದುವುದಕ್ಕೆ ಮಾತ್ರವಲ್ಲ, ವಿಜ್ಞಾನದ ಹೆಸರಿನಲ್ಲಿ ನಡೆಯುವ ತಪ್ಪು ತಿದ್ದುವುದಕ್ಕೂ ಹೌದು.

ನಮ್ಮಲ್ಲಿ ಎಲ್ಲಿದ್ದೇವೆ?

ವಿಜ್ಞಾನದಲ್ಲಿ ಭಾರತ ಹಿಂದೆ ಬಿದ್ದಿರಲಿಲ್ಲ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯಲ್ಲಿ ಲಾಲ್‌ಜಿ ಸಿಂಗ್ ಅವರು 1980ರ ದಶಕದಲ್ಲೇ ದೇಶೀಯ ಡಿಎನ್‌ಎ ಬೆರಳಚ್ಚು ತಂತ್ರವನ್ನು ರೂಪಿಸಿದ್ದರು. ನಮ್ಮ ರಾಜ್ಯಕ್ಕೂ ಬೆಂಗಳೂರಿನ ಮಡಿವಾಳದಲ್ಲಿ ವಿಧಿವಿಜ್ಞಾನ ಪ್ರಯೋಗಾಲಯವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, 7 ವರ್ಷ ಅಥವಾ ಹೆಚ್ಚು ಶಿಕ್ಷೆ ವಿಧಿಸಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಇದಕ್ಕೆ ಬೇಕಾದ ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ 5 ವರ್ಷ ಕೊಡಲಾಗಿದೆ. ಒಳ್ಳೆಯ ಹೆಜ್ಜೆ. ಆದರೆ ಇದೆಲ್ಲವೂ ಅಪರಾಧ ಸಾಬೀತು ಮಾಡುವ ದಿಕ್ಕಿನ ದಾರಿ. ವಾಪಸು ಬರುವ ದಾರಿ ಎಲ್ಲಿ?

ಕೊಡಗು–ಮೈಸೂರು ಭಾಗದ ಒಂದು ಪ್ರಕರಣವನ್ನು ನೀವೂ ಓದಿರುತ್ತೀರಿ. ಹೆಂಡತಿ ಕಾಣೆಯಾಗಿದ್ದಾಳೆ ಎಂದು ದೂರು ಕೊಟ್ಟ ಬುಡಕಟ್ಟು ಸಮುದಾಯದ ಕೂಲಿ ಕಾರ್ಮಿಕನ ಮೇಲೆಯೇ ಕೊಲೆ ಆರೋಪ ಬಂತು. ಎಲ್ಲೋ ಸಿಕ್ಕ ಅಸ್ಥಿಪಂಜರ ಅವಳದೇ ಎಂದು ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದರು. ಆತ ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. ಮೂಳೆಯ ಡಿಎನ್‌ಎಯನ್ನು ಆಕೆಯ ತಾಯಿಯ ರಕ್ತದ ಮಾದರಿಯೊಂದಿಗೆ ಹೋಲಿಸಿದ ವರದಿ ಬಂದಾಗ, ಎರಡೂ ಹೊಂದಿರಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತಲ್ಲವೇ? ಮುಗಿಯಲಿಲ್ಲ, ವಿಚಾರಣೆ ನಡೆದೇ ಇತ್ತು. 2025ರ ಏಪ್ರಿಲ್‌ನಲ್ಲಿ ಆ ಮಹಿಳೆ ಮಡಿಕೇರಿಯಲ್ಲಿ ಜೀವಂತವಾಗಿ ಕಣ್ಣಿಗೆ ಬಿದ್ದ ಮೇಲೆಯೇ ಆತ ಆರೋಪಮುಕ್ತನಾದದ್ದು. ನ್ಯಾಯಾಲಯ ಒಂದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು.

ಈ ಪ್ರಕರಣದಲ್ಲಿ ಆತನಿಗೆ ಶಿಕ್ಷೆಯಾಗಿರಲಿಲ್ಲ ಎಂಬುದು ನಿಜ. ಆದರೆ ನನ್ನನ್ನು ಕಾಡುವುದು ಬೇರೆ ವಿಷಯ. ವಿಜ್ಞಾನ ಆಗಲೇ ‘ಇದು ಅವಳಲ್ಲ’ ಎಂದಿತ್ತು. ಅದೇ ವರದಿ ‘ಇದು ಅವಳೇ’ ಎಂದಿದ್ದರೆ ಪ್ರಾಸಿಕ್ಯೂಷನ್ ಅದನ್ನೇ ಎತ್ತಿ ಹಿಡಿಯುತ್ತಿತ್ತಲ್ಲವೇ? ‘ಹೌದು’ ಎಂದಾಗ ಡಿಎನ್‌ಎಯನ್ನು ತಲೆಯ ಮೇಲೆ ಹೊತ್ತುಕೊಂಡು, ‘ಅಲ್ಲ’ ಎಂದಾಗ ಕಡತದೊಳಗೆ ಸೇರಿಸಿಬಿಡುವ ನಮ್ಮ ಈ ಮನೋಭಾವವೇ ಮೂಲ ಸಮಸ್ಯೆ. ಆ ಮಹಿಳೆ ಕಣ್ಣಿಗೆ ಬೀಳದೇ ಇದ್ದಿದ್ದರೆ?

ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಮತ್ತೆ ಮತ್ತೆ ಎಚ್ಚರಿಸುತ್ತಿದೆ. ದೆಹಲಿಯ ಛಾವ್ಲಾ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಮೂವರನ್ನು 2022ರ ನವೆಂಬರ್‌ನಲ್ಲಿ ಖುಲಾಸೆ ಮಾಡುವಾಗ, ಮಾದರಿಗಳು ಹಲವು ದಿನ ಠಾಣೆಯಲ್ಲೇ ಬಿದ್ದಿದ್ದನ್ನೂ, ಡಿಎನ್‌ಎ ವರದಿಗೆ ಯಾವ ಆಧಾರವಿದೆ ಎಂದು ಕೆಳ ನ್ಯಾಯಾಲಯಗಳು ಪರಿಶೀಲಿಸದೇ ಇದ್ದದ್ದನ್ನೂ ಎತ್ತಿ ತೋರಿಸಿತು. ಅಲ್ಲಿ ಮಗಳನ್ನು ಕಳೆದುಕೊಂಡ ತಂದೆ–ತಾಯಿಯ ನೋವನ್ನು ನೆನೆಯಿರಿ. ಸಾಕ್ಷ್ಯವನ್ನು ಅಸಡ್ಡೆಯಿಂದ ಕಾಪಾಡಿದರೆ ಸಂತ್ರಸ್ತರಿಗೂ ಅನ್ಯಾಯ, ಆರೋಪಿಗೂ ಅನ್ಯಾಯ. 2025ರ ಜುಲೈನಲ್ಲಿ ತಮಿಳುನಾಡಿನ ಇನ್ನೊಬ್ಬ ಮರಣದಂಡನೆ ಕೈದಿಯನ್ನು ಖುಲಾಸೆ ಮಾಡಿದ ಅದೇ ನ್ಯಾಯಾಲಯ ದೇಶಕ್ಕೆಲ್ಲ ಅನ್ವಯವಾಗುವ ನಿಯಮ ಹಾಕಿತು: ಡಿಎನ್‌ಎ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು, ನ್ಯಾಯಾಲಯದ ಅನುಮತಿಯಿಲ್ಲದೆ ಮೊಹರು ಒಡೆಯಬಾರದು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ರಿಜಿಸ್ಟರ್ ಇರಬೇಕು. ಈ ದಾಖಲೆ ಶಿಕ್ಷೆ ಅಥವಾ ಖುಲಾಸೆಯವರೆಗೆ ಮುಂದುವರಿಯಬೇಕು.

ಶಿಕ್ಷೆಯವರೆಗೆ ಸರಿ. ನನ್ನ ಪ್ರಶ್ನೆ ಶಿಕ್ಷೆಯ ಆಚೆಗಿನದು.

ಮೂರು ಬೇಡಿಕೆ

ಒಂದು, ಮುದ್ದೆಮಾಲು ಕಾಪಾಡುವುದು. ಕೊಲೆ, ಅತ್ಯಾಚಾರದಂಥ ಪ್ರಕರಣಗಳಲ್ಲಿ ರಕ್ತ, ಕೂದಲು, ಬಟ್ಟೆಯಂಥ ವಸ್ತುಗಳನ್ನು, ಶಿಕ್ಷೆಯಾದ ವ್ಯಕ್ತಿ ಜೈಲಿನಲ್ಲಿ ಇರುವಷ್ಟು ಕಾಲವೂ ಸರಿಯಾದ ಉಷ್ಣತೆಯಲ್ಲಿ ಇಡಬೇಕು. ಇಲಿ ಕಚ್ಚಿದ, ಗೆದ್ದಲು ಹಿಡಿದ ಗಂಟಿನಲ್ಲಿ ಯಾವ ವಿಜ್ಞಾನವೂ ಸತ್ಯ ಹುಡುಕಲಾರದು. ಬ್ಲಡ್ಸ್‌ವರ್ತ್ ಉಳಿದದ್ದು ಒಂದು ಕಾಗದದ ಚೀಲ ಆಕಸ್ಮಿಕವಾಗಿ ಉಳಿದದ್ದರಿಂದ. ನ್ಯಾಯ ಆಕಸ್ಮಿಕವಾಗಬಾರದು.

ಎರಡು, ಕೇಳುವ ಹಕ್ಕು. ಶಿಕ್ಷೆಯಾದ ಮೇಲೆ ಡಿಎನ್‌ಎ ಪರೀಕ್ಷೆ ಕೇಳಲು ನಮ್ಮಲ್ಲಿ ಪ್ರತ್ಯೇಕ ಕಾನೂನು ಇಲ್ಲ. ಡಿಎನ್‌ಎ ಬಳಕೆಯ ಮಸೂದೆಯೊಂದು 2019ರಲ್ಲಿ ಲೋಕಸಭೆಗೆ ಬಂದಿತ್ತು. ಖಾಸಗಿತನದ ಬಗ್ಗೆ ಎದ್ದ ಆಕ್ಷೇಪಗಳ ನಡುವೆ 2023ರಲ್ಲಿ ಸರ್ಕಾರ ಅದನ್ನು ಹಿಂಪಡೆಯಿತು. ಮುಂದೆ ಹೊಸ ಮಸೂದೆ ಬರುವುದಾದರೆ, ಅದರಲ್ಲಿ ಜನರ ಡಿಎನ್‌ಎ ಕೂಡಿಡುವ ಅಧ್ಯಾಯದಷ್ಟೇ, ಕೈದಿಯ ಮರುಪರೀಕ್ಷೆಯ ಹಕ್ಕಿನ ಅಧ್ಯಾಯವೂ ಇರಲಿ. ಪರೀಕ್ಷೆಯ ಖರ್ಚು ಬಡವನ ತಲೆಗೆ ಬೀಳದಿರಲಿ.

ಮೂರು, ಪರಿಹಾರ. ತಪ್ಪಾಗಿ ಜೈಲು ಸೇರಿದವರಿಗೆ ಪರಿಹಾರ ಕೊಡುವ ಕಾನೂನು ಬೇಕೆಂದು ಕಾನೂನು ಆಯೋಗ 2018ರ ತನ್ನ 277ನೇ ವರದಿಯಲ್ಲಿಯೇ ಹೇಳಿದೆ. ಪರಿಹಾರ ಎಂದರೆ ಹಣ ಮಾತ್ರವಲ್ಲ. ಹೊರಬಂದವನಿಗೆ ಕೆಲಸ, ಚಿಕಿತ್ಸೆ, ‘ಈತ ತಪ್ಪು ಮಾಡಿರಲಿಲ್ಲ’ ಎಂದು ಊರಿಗೆ ತಿಳಿಯುವಂತೆ ಸಾರುವುದು ಎಲ್ಲವೂ ಸೇರಬೇಕು.

ಇದಕ್ಕೆ ಎದುರು ಮಾತುಗಳಿವೆ. ‘ಮೊದಲೇ ಕೋರ್ಟುಗಳಲ್ಲಿ ಕೇಸುಗಳ ರಾಶಿ. ಎಲ್ಲ ಕೈದಿಗಳೂ ಅರ್ಜಿ ಹಾಕಿದರೆ?’ ಎನ್ನುವವರಿದ್ದಾರೆ. ಎಲ್ಲರೂ ಹಾಕಲಾಗದು. ಜೈವಿಕ ಸಾಕ್ಷ್ಯ ಇರುವುದೇ ಕೆಲವು ಪ್ರಕರಣಗಳಲ್ಲಿ. ಅದರಲ್ಲೂ ಪರೀಕ್ಷೆಯ ಫಲಿತಾಂಶ ತೀರ್ಪನ್ನೇ ಬದಲಿಸುವಂತಿದ್ದರೆ ಮಾತ್ರ ಅವಕಾಶ ಎಂದು ಷರತ್ತು ಹಾಕಬಹುದು. ತಪ್ಪಿತಸ್ಥನಿಗೆ ಈ ಪರೀಕ್ಷೆ ಇನ್ನೊಂದು ಉರುಳು. ಅವನು ಅಷ್ಟು ಸುಲಭವಾಗಿ ಕೇಳಲಾರ. ‘ಸಂತ್ರಸ್ತರ ಕುಟುಂಬದ ಗಾಯ ಮತ್ತೆ ಕೆದಕಿದಂತೆ ಆಗುವುದಿಲ್ಲವೇ?’ ಎಂಬ ಪ್ರಶ್ನೆ ಇದಕ್ಕಿಂತ ಕಠಿಣ. ಆಗುತ್ತದೆ. ಆದರೆ ತಪ್ಪು ವ್ಯಕ್ತಿ ಒಳಗಿದ್ದಾನೆ ಎಂದರೆ ಸರಿಯಾದ ವ್ಯಕ್ತಿ ಹೊರಗಿದ್ದಾನೆ ಎಂದೇ ಅರ್ಥ. ಅಮೆರಿಕದ ಆ 375 ಪ್ರಕರಣಗಳಲ್ಲಿ 160ಕ್ಕೂ ಹೆಚ್ಚು ಕಡೆ ನಿಜವಾದ ಅಪರಾಧಿ ಯಾರೆಂದು ಪತ್ತೆಯಾಯಿತು. ಸಂತ್ರಸ್ತರಿಗೆ ಬೇಕಿರುವುದು ಯಾರೋ ಒಬ್ಬನ ಶಿಕ್ಷೆಯಲ್ಲ, ಮಾಡಿದವನ ಶಿಕ್ಷೆ.

ಇದರಲ್ಲಿ ನಮ್ಮಂಥ ಯುವಜನರ ಪಾತ್ರವೇನು? ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇರುವುದು ಹುಬ್ಬಳ್ಳಿಯಲ್ಲಿ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್‌ಗೆ 2023ರಲ್ಲಿ ಶಂಕುಸ್ಥಾಪನೆಯಾದದ್ದು ಪಕ್ಕದ ಧಾರವಾಡದಲ್ಲಿ. ಅವಳಿ ನಗರದ ಒಂದು ತುದಿಯಲ್ಲಿ ಕಾನೂನು, ಇನ್ನೊಂದು ತುದಿಯಲ್ಲಿ ವಿಜ್ಞಾನ. ನಡುವೆ ಅರ್ಧ ಗಂಟೆಯ ಬಸ್ ದಾರಿ. ಕಾನೂನು ಕಾಲೇಜುಗಳ ಉಚಿತ ನೆರವು ಘಟಕದವರು ಕೈದಿಗಳ ಅರ್ಜಿಯನ್ನು ಓದಿ, ವಿಧಿವಿಜ್ಞಾನದ ವಿದ್ಯಾರ್ಥಿಗಳು ವರದಿಗಳನ್ನು ಮತ್ತೆ ಪರಿಶೀಲಿಸಿ, ಇಬ್ಬರೂ ಸೇರಿ ಅನುಮಾನ ಇರುವ ಪ್ರಕರಣಗಳನ್ನು ಹಿರಿಯ ವಕೀಲರ ಮುಂದಿಟ್ಟರೆ ಹೇಗಿರುತ್ತದೆ? ಇನೊಸೆನ್ಸ್ ಪ್ರಾಜೆಕ್ಟ್ ಕೂಡ ಮೊಳೆತದ್ದು ಒಂದು ಕಾಲೇಜಿನಲ್ಲೇ. ಇದಕ್ಕೆ ಸಂಸತ್ತಿನ ಕಾನೂನಿಗಾಗಿ ಕಾಯಬೇಕಾಗಿಲ್ಲ. ಎರಡು ವಿಭಾಗಗಳ ಮೇಷ್ಟ್ರುಗಳು ಮನಸ್ಸು ಮಾಡಿದರೆ ಸಾಕು.

ಕಾನೂನು, ವಿಜ್ಞಾನ ಎರಡನ್ನೂ ಓದದವರಿಗೂ ಒಂದು ಕೆಲಸ ಇದೆ. ಮುಂದಿನ ಸಲ ಯಾರೋ ಬಂಧಿತನ ಫೋಟೊ ‘ಈ ರಾಕ್ಷಸನನ್ನು ಎಲ್ಲರಿಗೂ ಶೇರ್ ಮಾಡಿ’ ಎಂಬ ಸಾಲಿನೊಂದಿಗೆ ಮೊಬೈಲಿಗೆ ಬಂದಾಗ ಒಂದು ಕ್ಷಣ ತಡೆಯೋಣ. ಬ್ಲಡ್ಸ್‌ವರ್ತ್ ಅವರನ್ನು ಗುರುತಿಸಿದ ಐವರೂ ನಮ್ಮಂಥ ಸಾಮಾನ್ಯರೇ ಆಗಿದ್ದರು. ಪ್ರಯೋಗಾಲಯದ ವರದಿ ಬರುವವರೆಗೆ, ನ್ಯಾಯಾಲಯ ವಾದ ಕೇಳಿ ಮುಗಿಸುವವರೆಗೆ ನಮ್ಮ ತೀರ್ಪನ್ನು ಜೇಬಿನಲ್ಲೇ ಇಟ್ಟುಕೊಳ್ಳೋಣ.